ಜರಡಿಯ ಕೆಳಗೆ

ತುಕ್ಕುರಾಯ ಯಾರಂತ ನಿಮಗೆ ಗೊತ್ತಿರಲಿಕ್ಕಿಲ್ಲ.
ಮೊಬೈಲಿನಲ್ಲಿ ಕೇಳುವ ಮಕ್ಕಳ ಕತೆಯೊಂದರ ಖಳ.
ಹಾಳುಬಿದ್ದ ನೀರಿನ ಟ್ಯಾಂಕಿನೊಳಗೆ ವಾಸ,
ಊರಿನ ಬೀಗಗಳನ್ನೆಲ್ಲ ತಿಂದು ತೇಗುತ್ತಾನೆ.
ಮಾತಾಡಿದನೋ,
ಬಾವಿಗೆ ಬಿದ್ದ ಕೊಡ ತಳದಿಂದಲೇ ಬೈದ ಹಾಗೆ.

ತಮ್ಮ ಹಾಲೇಶನಿಗೆ ಅದೇ ದನಿ ಬೇಕು.
ಏಳನೇ ಕ್ಲಾಸು. ಮುಂದಿನ ಹಲ್ಲಿನ ಸಂದಿಯಲ್ಲಿ
'ಸ' ಇನ್ನೂ ಸೀಟಿ ಹೊಡೆಯುತ್ತಿತ್ತು.
ಪೀಪಿ ಅಂದಿದ್ದನಂತೆ ಯಾವನೋ, ಪ್ರೇಯರಿನ ಸಾಲಲ್ಲಿ.

ಮಾವ ಬಿಟ್ಟುಹೋದ ಲ್ಯಾಪ್‌ಟಾಪು, ಎರಡು ಗುಂಡಿ ಕಿತ್ತದ್ದು,
ದುಡ್ಡು ಕೇಳದ ಒಂದು ಸಾಫ್ಟ್‌ವೇರು,
ಇಯರ್‌ಫೋನಿನ ಮೈಕಿಗೆ
ನನ್ನ ಒಂಟಿ ಕಾಲುಚೀಲದ ಕುಲಾವಿ.
ಮಂಚದ ಸುತ್ತ ಕೌದಿ ಇಳಿಬಿಟ್ಟರೆ ಸ್ಟುಡಿಯೋ.

ಸ್ವರ ಏಳು ಮೆಟ್ಟಿಲು ಇಳಿಸಿದ: ಎಮ್ಮೆ.
ಐದು ಇಳಿಸಿದ: ನೆಗಡಿಯಾದ ಹಾಲೇಶ.
ಗುಂಯ್‌ಗುಡಿಕೆಯನ್ನು ಎಂಬತ್ತಕ್ಕೆ ಎಳೆದ.
"ಹುಬ್ಬಳ್ಳಿ ಪ್ಯಾಸೆಂಜರು ಎರಡು ತಾಸು ಲೇಟು" ಅಂದೆ ನಾನು.
ಮೂರು ದಿನ ನನ್ನ ಜೊತೆ ಮಾತಿಲ್ಲ.

ಆಮೇಲೆ ಗದ್ದಲದ ತಕರಾರು.
ತೆಗೆದುಕೊಡುತ್ತೇನೆ ಅನ್ನುತ್ತದೆ ಸಾಫ್ಟ್‌ವೇರು,
ಮೊದಲು ಐದು ಸೆಕೆಂಡು ಸುಮ್ಮನಿರೋ ಮನೆ ಕೊಡು,
ನೋಡಿ ಕಲಿತುಕೊಳ್ಳುತ್ತೇನೆ.

ದಾವಣಗೆರೆಯ ಮಂಡಕ್ಕಿ ಭಟ್ಟಿ ಸಾಲಿನಲ್ಲಿ
ಐದು ಸೆಕೆಂಡು!
ಕೋಳಿಗಿಂತ ಮೊದಲು ಒಲೆ ಏಳುತ್ತದೆ ಇಲ್ಲಿ.
ಬಾಣಲೆಯ ಕಾದ ಮರಳಲ್ಲಿ ಅಕ್ಕಿ ಬಿದ್ದರೆ
ಸೊಯ್ಯಂತ ಓಣಿಗೆ ಓಣಿಯೇ ಅರಳುತ್ತದೆ,
ಮೇಲೆ ಜರಡಿ, ಜರಡಿ, ಜರಡಿ.
ಕರೆಂಟು ಹೋದರೂ ಜರಡಿಗೇನು?

"ಅವ್ವಾ, ಐದೇ ಸೆಕೆಂಡು ಕೈ ಆಡಿಸಬ್ಯಾಡ."
"ನಿನಗ್ಯಾಕ ಬೇಕಾಗೈತಲೇ ಮೌನ?
ಬಾಯಿ ಮುಚ್ಚಿಕೊಂಡ್ರ ಆತು."
ಅಂದಳು, ಆದರೂ ನಿಂತಳು.
ಜರಡಿ ಎದೆಗೆ ಒತ್ತಿ ಹಿಡಿದು, ಉಸಿರು ಕಟ್ಟಿ,
ಬಳೆಗಳಿಗೂ ಕಣ್ಣು ಬಿಟ್ಟು ಹೆದರಿಸಿ.
ಒಂದು, ಎರಡು, ಮೂರು, ನಾಲ್ಕು,
ಸೀನು.

ಅದನ್ನೇ ಮೌನ ಅಂತ ಕಲಿತಿತು ಆ ಯಂತ್ರ.

ತುಕ್ಕುರಾಯ ಒಂದು, ತುಕ್ಕುರಾಯ ಎರಡು,
ತುಕ್ಕುರಾಯ ಇದೇ ಕೊನೇದು,
ತುಕ್ಕುರಾಯ ಇದೇ ಕೊನೇದು ಎರಡು.
ನಲವತ್ತೊಂದು ಫೈಲು. ಯಾವುದೂ ಅವನಲ್ಲ.

ಮುಂದಿನ ವರ್ಷ, ಒಂದು ಭಾನುವಾರ,
ದೋಸೆ ಹೊಯ್ಯುತ್ತಿದ್ದೆ. ಬೆನ್ನ ಹಿಂದೆ ಯಾರೋ
"ಚಟ್ನಿ ಪುಡಿ" ಅಂದರು.
ಸೌಟು ಕೈ ಜಾರಿತು.
ಲ್ಯಾಪ್‌ಟಾಪು ಅಟ್ಟದ ಮೇಲಿತ್ತು, ಮುಚ್ಚಿ.
ಹಾಲೇಶ ತನ್ನ ಗಂಟಲನ್ನು ತಾನೇ ಮುಟ್ಟಿ ನೋಡಿಕೊಂಡ,
ಬಾಗಿಲು ತೆಗೆದಿದ್ದು ತಾನೋ ಬೇರೆಯವರೋ
ಗೊತ್ತಾಗದವನ ಹಾಗೆ.
ಮತ್ತೆ ಪುಡಿ ಕೇಳಲಿಲ್ಲ. ಬರೀ ದೋಸೆ ತಿಂದು ಎದ್ದ.

ಈಗ ಹೂಂ, ಊಹೂಂ. ಅಷ್ಟೇ.
ತುಕ್ಕುರಾಯನ ಹೆಸರೆತ್ತಿದರೆ ಕಿವಿ ಕೆಂಪು.

ಒಮ್ಮೆ ಆ ಹೂಂ ಅನ್ನೇ ಕದ್ದು ರೆಕಾರ್ಡು ಮಾಡಿ
ಏಳು ಮೆಟ್ಟಿಲು ಮೇಲೆ ಹತ್ತಿಸಿದೆ.
ಅಳಿಲು ಬಂತು. ಅವನು ಬರಲಿಲ್ಲ.

ನಿನ್ನೆ ರಾತ್ರಿ ಮೊದಲನೇ ಫೈಲು ತೆರೆದೆ.
ಗದ್ದಲ ತೆಗೆಯುವ ಕಿಟಕಿಯ ಮೂಲೆಯಲ್ಲಿ
ಒಂದು ಚಿಕ್ಕ ಚುಕ್ಕಿ. ಅದನ್ನು ಒತ್ತಿದರೆ
ಎಸೆಯಬೇಕಾದದ್ದು ಮಾತ್ರ ಕೇಳಿಸುತ್ತದೆ.
ಉಳಿಕೆ ಅನ್ನುತ್ತಾರಂತೆ.
ನಮ್ಮ ಭಾಷೆಯಲ್ಲಿ ಜರಡಿಯ ಕೆಳಗಿನದ್ದು.

ಒತ್ತಿದೆ.
ಮರಳು.
ಪಕ್ಕದ ಭಟ್ಟಿಯ ಷಕೀಲಾಬಿ "ಹೊಟ್ಟು ತಗಂಬಾ" ಅನ್ನುವುದು,
ನೀರೊಳಗಿಂದ ಕೂಗಿದ ಹಾಗೆ.
ಎರಡು ಬಳೆ, ಹೆದರಿಕೆಗೆ ಬಗ್ಗದವು.
ನಡುವೆ ಅಲ್ಲೊಂದು ಇಲ್ಲೊಂದು
ಗದ್ದಲವೆಂದೇ ಅದು ಉದುರಿಸಿದ
ಹಲ್ಲಿನ ಸಂದಿಯ
ಸ್, ಸ್, ಸ್.

"ಏನ್ ಕೇಳಾಕತ್ತೀಯಾ?"
ಬಾಗಿಲಲ್ಲಿ ತುಕ್ಕುರಾಯ,
ಮೀಸೆಯ ಜಾಗದಲ್ಲಿ ಮಸಿ ಒರೆಸಿದಷ್ಟು ಕಪ್ಪು.

"ಏನಿಲ್ಲ ಬಿಡು," ಅಂದೆ. "ಗದ್ದಲ."